ಫಿಲ್ಟರ್ ಹಾಕೋದು ಶಟರ್ ಒತ್ತೋಕೆ ಮೊದಲಾ, ಆಮೇಲಾ?

ಫೋಟೋ ಹುಚ್ಚಿರೋರು ನಾಲ್ಕು ಜನ ಒಂದು ಕಡೆ ಸೇರಿದ್ರೆ ಈ ಜಗಳ ಬಂದೇ ಬರುತ್ತೆ. ಒಬ್ರು "ನಾನು ಎಡಿಟಿಂಗ್ ಗಿಡಿಟಿಂಗ್ ಮಾಡೋದೇ ಇಲ್ಲಪ್ಪ, ಕ್ಯಾಮೆರಾದಿಂದ ಬಂದಿದ್ದು ಬಂದ ಹಾಗೇ" ಅಂತ ಎದೆ ಉಬ್ಬಿಸ್ತಾರೆ, ಇನ್ನೊಬ್ರು "ಅಯ್ಯೋ ಸುಮ್ನಿರಿ, ಅನ್ಸೆಲ್ ಆಡಮ್ಸ್ ಅಂಥ ದೊಡ್ಡ ಅಮೆರಿಕನ್ ಫೋಟೋಗ್ರಾಫರೇ ಡಾರ್ಕ್ ರೂಮಲ್ಲಿ ಗಂಟೆಗಟ್ಲೆ ನಿಂತು, ಪ್ರಿಂಟಲ್ಲಿ ಒಂದು ಭಾಗ ಬೆಳಗಿಸಿ ಇನ್ನೊಂದು ಭಾಗ ಕಪ್ಪು ಮಾಡೋ ಡಾಡ್ಜಿಂಗ್ ಬರ್ನಿಂಗ್ ಮಾಡ್ತಿದ್ರು, ನಮ್ದೇನು ಮಹಾ" ಅಂತಾರೆ, ಅಷ್ಟೊತ್ತಿಗೆ ಕಾಫಿ ಮುಗಿಯುತ್ತೆ, ಜಗಳ ಮುಗಿಯಲ್ಲ. ನಂಗೆ ಎರಡೂ ವಾದ ಸಾಕಾಗಿ ಹೋಗಿದೆ. ಬಂದ ಹಾಗೇ ಇರೋ ಫೋಟೋ ಅನ್ನೋದು ಎಲ್ಲೂ ಇಲ್ಲ, ಜೆಪೆಗ್ ಆಗಿ ಈಚೆ ಬರೋ ಹೊತ್ತಿಗೆ ಕಾಂಟ್ರಾಸ್ಟ್ ಎಷ್ಟು, ಆಕಾಶ ಎಷ್ಟು ನೀಲಿ, ಚರ್ಮ ಎಷ್ಟು ಕೆಂಪು ಅಂತ ಕ್ಯಾಮೆರಾ ಕಂಪನಿಯ ಇಂಜಿನಿಯರ್‌ಗಳು ತೀರ್ಮಾನ ಮಾಡಿ ಆಗಿರುತ್ತೆ. ಆಡಮ್ಸ್ ಹೆಸರು ಹೇಳೋರೂ ಅಷ್ಟೇ, ಆತ ಒಂದು ನೆಗೆಟಿವ್‌ಗೆ ಅಂತ ಕೂತು ಮಾಡಿದ ಕೆಲ್ಸಕ್ಕೂ ನಾವು ಮುನ್ನೂರು ಫೋಟೋನ ಒಟ್ಟಿಗೆ ಸೆಲೆಕ್ಟ್ ಮಾಡಿ ಒಂದೇ ಪ್ರೀಸೆಟ್, ಅಂದ್ರೆ ಮೊದ್ಲೇ ಜೋಡಿಸಿಟ್ಟ ಎಡಿಟಿಂಗ್ ಸೆಟ್ಟಿಂಗ್, ಬಡಿಯೋದಕ್ಕೂ ಏನು ಸಂಬಂಧ ಅಂತ ಯೋಚ್ನೆ ಮಾಡಲ್ಲ.

ನಂಗೆ ಬಹಳ ದಿನದಿಂದ ಅನ್ನಿಸ್ತಾ ಇರೋದು ಏನಂದ್ರೆ, ಫಿಲ್ಟರ್ ಹಾಕಿದ್ರಾ ಇಲ್ವಾ ಅಂತ ಕೇಳಿ ಏನೂ ಗೊತ್ತಾಗಲ್ಲ, ಯಾವಾಗ ತೀರ್ಮಾನ ಮಾಡಿದ್ರಿ ಅಂತ ಕೇಳ್ಬೇಕು. ಶಟರ್ ಒತ್ತೋಕೆ ಮೊದ್ಲೇ ಈ ಫೋಟೋ ಹೀಗೆ ಕಾಣ್ಬೇಕು ಅಂತ ತಲೇಲಿತ್ತಾ, ಅಥವಾ ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತು ಒಂದೊಂದು ಫಿಲ್ಟರ್ ಹಾಕಿದ್ರೆ ಹೇಗೆ ಕಾಣುತ್ತೆ ಅಂತ ತೋರಿಸ್ತಾ ಸಾಲಾಗಿ ನಿಂತಿರೋ ಪುಟ್ಟ ಪುಟ್ಟ ಚಿತ್ರಗಳಲ್ಲಿ, ಥಂಬ್‌ನೇಲ್‌ಗಳಲ್ಲಿ, ಯಾವುದು ಚೆನ್ನಾಗಿದೆ ಅಂತ ಆರಿಸಿದ್ರಾ?

ಈ ಫಿಲ್ಟರ್‌ಗಳನ್ನ ಹೊತ್ತು ತರೋ ಪ್ಲಗಿನ್ ಕಥೆ ಗೊತ್ತಿಲ್ದೋರಿಗೆ ಎರಡು ಮಾತು ಹೇಳ್ಬಿಡ್ತೀನಿ. ಫೋಟೋಶಾಪ್‌ನ ಮೊದಲ ವರ್ಶನ್ ಬಂದಿದ್ದು 1990ರಲ್ಲಿ, ಮಾಡಿದ್ದು ಥಾಮಸ್ ನಾಲ್, ಜಾನ್ ನಾಲ್ ಅನ್ನೋ ಅಣ್ಣತಮ್ಮಂದಿರು. ಜಾನ್ ಆಗ ಸಿನಿಮಾ ಎಫೆಕ್ಟ್ಸ್ ಮಾಡೋ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಕಂಪನೀಲಿ ಕೆಲಸಕ್ಕಿದ್ದ. ಮೂಲ ಸಾಫ್ಟ್‌ವೇರನ್ನ ಮುಟ್ಟದೆ, ಹೊರಗಡೆಯಿಂದ ಸಣ್ಣ ಸಣ್ಣ ಪ್ರೋಗ್ರಾಂ ಬರೆದು ಅದರೊಳಗೆ ಸಿಕ್ಕಿಸೋ ವ್ಯವಸ್ಥೆ ಶುರುವಿನಿಂದ್ಲೇ ಇತ್ತು, ಅದೇ ಪ್ಲಗಿನ್. ಹಾಗಾಗಿ ಬೇರೆಯವ್ರೂ ಬರೆಯೋಕೆ ಶುರು ಮಾಡಿದ್ರು. ಕೈ ಕ್ರೌಸೆ ಅನ್ನೋ ಜರ್ಮನ್ ಮನುಷ್ಯನ ಕೈಸ್ ಪವರ್ ಟೂಲ್ಸ್ 90ರ ದಶಕದಲ್ಲಿ ಎಷ್ಟು ಹೆಸರು ಮಾಡ್ತು ಅಂದ್ರೆ ಅದ್ರಲ್ಲಿದ್ದ ಪೇಜ್ ಕರ್ಲ್, ಅಂದ್ರೆ ಹಾಳೆ ಮೂಲೆ ಸುರುಳಿ ಸುತ್ತಿಕೊಂಡ ಹಾಗೆ ಕಾಣೋ ಎಫೆಕ್ಟ್, ಪ್ರಪಂಚದ ಮೂಲೆಮೂಲೆಗೂ ಹೋಯ್ತು. ನಮ್ಮೂರಿನ ಡಿಟಿಪಿ ಅಂಗಡಿಗೂ ಬಂತು. ಆಗಿನ ಬ್ಯಾನರ್, ಕ್ಯಾಲೆಂಡರ್, ಲಗ್ನಪತ್ರಿಕೆ ಜ್ಞಾಪಿಸ್ಕೊಳ್ಳಿ, ಮೂಲೇಲಿ ಹಾಳೆ ಮಡಿಸಿರುತ್ತೆ, ಅಕ್ಷರಕ್ಕೆ ಎಂಬಾಸ್, ಯಾರದ್ದೋ ತಲೆ ಹಿಂದೆ ಒಂದು ಲೆನ್ಸ್ ಫ್ಲೇರ್. ಪಕ್ಕದ ಊರಿನ ಅಂಗಡೀಲೂ ಅದೇ. ಫೋಟೋಶಾಪಲ್ಲಿ ಫಿಲ್ಟರ್ ಗ್ಯಾಲರಿ ಅಂತ ಇದ್ಯಲ್ಲ, ವಾಟರ್‌ಕಲರ್, ಪ್ಲಾಸ್ಟಿಕ್ ರ‍್ಯಾಪ್ ಎಲ್ಲ ಇರೋದು, ಅದೂ ಅಡೋಬಿ ಸ್ವಂತದ್ದಲ್ಲ, ಆಲ್ಡಸ್ ಅನ್ನೋ ಕಂಪನಿ ಗ್ಯಾಲರಿ ಎಫೆಕ್ಟ್ಸ್ ಅಂತ ಮಾರ್ತಿದ್ದ ಪ್ಲಗಿನ್‌ಗಳು, 1994ರಲ್ಲಿ ಆಲ್ಡಸ್ಸನ್ನೇ ಅಡೋಬಿ ಕೊಂಡ್ಕೊಂಡಾಗ ಜೊತೆಗೆ ಬಂದಿದ್ದು. ನಮ್ಮಲ್ಲಿ ಎಲ್ರಿಗೂ ಪರಿಚಯ ಇದ್ದ ಪೇಜ್‌ಮೇಕರ್ ಕೂಡ ಅದೇ ಆಲ್ಡಸ್‌ದು.

ಇದೆಲ್ಲ ಆಟದ ಕಾಲ ಅನ್ಕೊಳ್ಳಿ. ಪ್ಲಗಿನ್ ಸೀರಿಯಸ್ ಆಗಿದ್ದು ಹಳೇ ಕ್ಯಾಮೆರಾ ಫಿಲ್ಮ್‌ನ ಬಣ್ಣ ನಕಲು ಮಾಡೋಕೆ ಶುರು ಮಾಡಿದ ಮೇಲೆ, ಮುಖ ಸರಿ ಮಾಡೋಕೆ ಶುರು ಮಾಡಿದ ಮೇಲೆ. ಮುಖದ ವಿಷ್ಯ ಮೊದ್ಲು ಹೇಳ್ತೀನಿ, ಯಾಕಂದ್ರೆ ನಾನು ಕೆಲವು ವರ್ಷ ಮದುವೆ ಆಲ್ಬಂ ಕೆಲ್ಸ ಮಾಡಿದ್ದೀನಿ, ಅಲ್ಲಿ ನೋಡಿದಷ್ಟು ಪ್ಲಗಿನ್ ಮಹಿಮೆ ಇನ್ನೆಲ್ಲೂ ನೋಡಿಲ್ಲ.

ಕರಿಜ್ಮಾ ಆಲ್ಬಂ ಬಂದ ಮೇಲೆ ಸ್ಟುಡಿಯೋದವರ ಕೆಲಸ ಪೂರ್ತಿ ಬದಲಾಯ್ತು. ಮೊದ್ಲು ಪ್ರಿಂಟ್ ಹಾಕ್ಸಿ ಪ್ಲಾಸ್ಟಿಕ್ ಕವರಿನೊಳಗೆ ತೂರಿಸಿದ್ರೆ ಮುಗೀತಿತ್ತು, ಆಮೇಲೆ ಒಂದೊಂದು ಹಾಳೇನೂ ಡಿಸೈನ್ ಮಾಡ್ಬೇಕು, ಡಿವಿಡಿ ತುಂಬಾ ರೆಡಿಮೇಡ್ ಪಿಎಸ್‌ಡಿ (ಫೋಟೋಶಾಪ್ ಫೈಲ್) ಬ್ಯಾಕ್‌ಗ್ರೌಂಡ್ ಸಿಗ್ತಿತ್ತು, ಹೃದಯ, ಗುಲಾಬಿ, ಯಾವುದೋ ಯುರೋಪಿನ ಅರಮನೆ, ಅದರ ಮುಂದೆ ನಮ್ಮ ಹಾಸನದ ಹುಡುಗ ಹುಡುಗಿ. ಆರ್ಡರ್ ಜಾಸ್ತಿ, ಟೈಮ್ ಕಮ್ಮಿ. ಸೀಸನ್‌ನಲ್ಲಿ ರಾತ್ರಿ ಎರಡು ಗಂಟೆಗೆ ಕೂತು ಒಬ್ಬೊಬ್ಬರ ಮುಖದ ಮೊಡವೆ ತೆಗೀತಾ ಕೂರೋಕಾಗುತ್ತಾ? ಅಲ್ಲಿಗೆ ಬಂತು ಪೋರ್ಟ್ರೇಚರ್ ಅನ್ನೋ ಪ್ಲಗಿನ್. ಅದು ಫೋಟೋದಲ್ಲಿ ಚರ್ಮದ ಬಣ್ಣದ ರೇಂಜ್ ಹುಡುಕಿ ತಾನೇ ಮಾಸ್ಕ್ ಮಾಡ್ಕೊಳ್ಳುತ್ತೆ, ಫೈನ್, ಮೀಡಿಯಂ, ಲಾರ್ಜ್ ಅಂತ ಮೂರು ಸ್ಲೈಡರ್, ಯಾವ ಸೈಜಿನ ಡೀಟೇಲ್ ಎಷ್ಟು ನುಣುಪಾಗ್ಬೇಕು ಅಂತ. ಕಮ್ಮಿ ಇಟ್ಟು ಹುಷಾರಾಗಿ ಬಳಸಿದ್ರೆ ಬಹಳ ಒಳ್ಳೇ ಟೂಲ್ ಅದು. ಹುಷಾರಾಗಿ ಬಳಸೋಕೆ ಯಾರಿಗೆ ಪುರುಸೊತ್ತು, ಒಂದು ಫೋಟೋಗೆ ಮಾಡಿದ್ದನ್ನ ಆಕ್ಷನ್ ಅಂತ ರೆಕಾರ್ಡ್ ಮಾಡಿ, ಎಲ್ಲ ಫೋಟೋಗೂ ತಾನೇ ಆಗ್ಲಿ ಅಂತ ಬ್ಯಾಚ್‌ಗೆ ಹಾಕಿ ಊಟಕ್ಕೆ ಹೋಗೋದು, ಬಂದು ನೋಡಿದ್ರೆ ಮದುವಣಗಿತ್ತಿಯಿಂದ ಹಿಡ್ದು ಎಪ್ಪತ್ತೈದು ವರ್ಷದ ಅಜ್ಜಿವರೆಗೆ ಎಲ್ರ ಮುಖವೂ ಮೇಣ. ಅಜ್ಜಿ ಕೆನ್ನೆ ಮೇಲೆ ಒಂದು ಸುಕ್ಕಿಲ್ಲ!

ಅದರ ಮೇಲೆ ಬೆಳ್ಳಗೆ ಮಾಡೋದು ಬೇರೆ. "ಸ್ವಲ್ಪ ಬ್ರೈಟ್ ಮಾಡಿ ಅಣ್ಣಾ" ಅಂತಾರೆ ಮನೆಯವ್ರು, ಬ್ರೈಟ್ ಅಂದ್ರೆ ಏನು ಅಂತ ಇಬ್ರಿಗೂ ಗೊತ್ತು. ಇದನ್ನ ಪ್ಲಗಿನ್ ಶುರು ಮಾಡಿದ್ದಲ್ಲ ಬಿಡಿ, ಬ್ಲ್ಯಾಕ್ ಅಂಡ್ ವೈಟ್ ಕಾಲದ ಸ್ಟುಡಿಯೋಗಳಲ್ಲೂ ನೆಗೆಟಿವ್ ಮೇಲೆ ಚೂಪು ಪೆನ್ಸಿಲಲ್ಲಿ ಟಚ್ ಮಾಡಿ ಮುಖದ ಕಲೆ ತೆಗೀತಿದ್ರು, ಪ್ರಿಂಟಿಗೆ ಕೈಯಲ್ಲಿ ಬಣ್ಣ ಹಾಕಿ ಕೆನ್ನೆ ಗುಲಾಬಿ ಮಾಡ್ತಿದ್ರು. ಆದ್ರೆ ಹಳೇ ರಿಟಚಿಂಗ್ ಫೋಟೋ ನೋಡಿ, ಪೆನ್ಸಿಲ್ ಹಿಡಿದವನು ಒಂದೊಂದು ಮುಖಕ್ಕೂ ಎಲ್ಲಿ ನಿಲ್ಲಿಸ್ಬೇಕು ಅಂತ ಯೋಚ್ನೆ ಮಾಡಿರ್ತಾನೆ, ಕೈ ಗುರುತು ಕಾಣುತ್ತೆ. ನಮ್ಮ ಯಕ್ಷಗಾನದಲ್ಲಿ ಬಣ್ಣದ ವೇಷಕ್ಕೆ ಹೀಗೇ ಇರ್ಬೇಕು ಅಂತ ಕಟ್ಟುನಿಟ್ಟು ಇದೆ, ಆದ್ರೂ ಬಣ್ಣ ಹಚ್ಚೋ ಚೌಕಿಯಲ್ಲಿ ಕನ್ನಡಿ ಹಿಡ್ಕೊಂಡು ತನ್ನ ಮುಖಕ್ಕೆ ತಾನೇ ಚುಟ್ಟಿ (ಅಕ್ಕಿ ಹಿಟ್ಟಿನ ಚುಕ್ಕಿ ಸಾಲು) ಇಡ್ತಾ ಗಂಟೆಗಟ್ಲೆ ಕೂತ ಕಲಾವಿದನ ಮುಖ ಇನ್ನೊಬ್ಬನ ಹಾಗೆ ಆಗಲ್ಲ, ಮೂಗು ಬೇರೆ, ಕೆನ್ನೆ ಬೇರೆ, ಕೈ ಬೇರೆ. ಪೆನ್ಸಿಲ್ ರಿಟಚಿಂಗ್ ಆ ಜಾತಿಗೆ ಸೇರಿದ್ದು. ಬ್ಯಾಚ್‌ಗೆ ಹಾಕಿ ಊಟಕ್ಕೆ ಹೋಗೋದು ಸೇರಲ್ಲ.

ಫಿಲ್ಮ್ ನಕಲಿನಲ್ಲೂ ಇಂಥದ್ದೇ ಒಂದು ತಮಾಷೆ ಇದೆ. ಟ್ರೈ-ಎಕ್ಸ್, ಪೋರ್ಟ್ರಾ, ವೆಲ್ವಿಯಾ ಅಂತ ಹಳೇ ಫಿಲ್ಮ್‌ಗಳ ಹೆಸರಿಟ್ಟ ಪ್ರೀಸೆಟ್‌ಗಳು ಬಂದಾಗ ನಾವೆಲ್ಲ ಮುಗಿಬಿದ್ವಿ, ಅದ್ರಲ್ಲಿ ಅರ್ಧ ಜನ ಆ ಫಿಲ್ಮನ್ನ ಜನ್ಮದಲ್ಲಿ ಲೋಡ್ ಮಾಡಿಲ್ಲ. ಹಳೇ ಕಲರ್ ಪ್ರಿಂಟಿಂಗ್‌ನಲ್ಲಿ ಚರ್ಮದ ಬಣ್ಣ ಸರಿ ಇದ್ಯಾ ಅಂತ ನೋಡೋಕೆ ಕೊಡಾಕ್ ಲ್ಯಾಬ್‌ಗಳಿಗೆ ಒಂದು ಕಾರ್ಡ್ ಕೊಡ್ತಿತ್ತು, ಶರ್ಲಿ ಕಾರ್ಡ್ ಅಂತಾನೇ ಹೆಸರು, ಅದ್ರಲ್ಲಿ ಬಿಳಿ ಹೆಂಗಸಿನ ಫೋಟೋ. ಅವಳ ಚರ್ಮ ಸರಿಯಾಗಿ ಬಂದ್ರೆ ಮಿಶಿನ್ ಸರಿ. ದಶಕಗಳ ಕಾಲ ಹೀಗೇ ನಡೀತು, ಬೇರೆ ಬೇರೆ ಬಣ್ಣದ ಜನ ಇರೋ ಕಾರ್ಡ್ ಬಂದಿದ್ದು 90ರ ದಶಕದಲ್ಲಿ. ಆ ಕಾಲದ ಬಣ್ಣ ಅಂತ ಏನನ್ನ ನಾವು ನಾಸ್ಟಾಲ್ಜಿಯಾ ಮಾಡ್ತೀವೋ ಅದ್ರೊಳಗೆ ಅವಳೂ ಕೂತಿದ್ದಾಳೆ. ಎಣ್ಣೆಗೆಂಪು ಮೈಬಣ್ಣದವರ ಫೋಟೋಗೆ "ವಿಂಟೇಜ್" ಪ್ರೀಸೆಟ್ ಹಾಕಿದ ತಕ್ಷಣ ಮುಖ ಬೂದಿ ಬೂದಿ ಆಗೋದು ನೋಡಿದೋರಿಗೆ ನಾನೇನು ಹೇಳ್ತಿದ್ದೀನಿ ಗೊತ್ತಾಗುತ್ತೆ. ಯಾರದ್ದೋ ಚರ್ಮ ಮುಂದಿಟ್ಕೊಂಡು ಮಾಡಿದ ಲುಕ್ ಅದು, ನಮ್ಮ ಮುಖಕ್ಕೆ ಯಾಕೆ ಕೂರ್ಬೇಕು.

ಪ್ಲಗಿನ್‌ಗೆ ತನ್ನದೇ ಒಂದು ಅಭಿಪ್ರಾಯ ಇರುತ್ತೆ ಅಂತ ನಂಗೆ ಸರಿಯಾಗಿ ಅರ್ಥ ಆಗಿದ್ದು ಮಾತ್ರ ಡಿಹೇಜ್‌ನಿಂದ. ಇದು ಪ್ಲಗಿನ್ ಅಲ್ಲ, ಅಡೋಬಿಯದ್ದೇ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮಿನ ಒಳಗೇ ಇರೋ ಸ್ಲೈಡರ್, 2015ರಲ್ಲಿ ಬಂತು, ಆದ್ರೆ ವಿಷ್ಯ ಒಂದೇ. ದೂರದ ದೃಶ್ಯ ಮಬ್ಬಾಗಿದ್ರೆ ಕಾಂಟ್ರಾಸ್ಟ್, ಬಣ್ಣ ಎರಡೂ ಏರಿಸಿ ಮಬ್ಬು ಕತ್ತರಿಸುತ್ತೆ. ದೆಹಲಿಯ ಹೊಗೆಯಲ್ಲಿ ಬಿಲ್ಡಿಂಗ್ ಫೋಟೋ ತೆಗೆಯೋರಿಗೆ ವರ. ಆದ್ರೆ ಜುಲೈ ತಿಂಗಳಲ್ಲಿ ಆಗುಂಬೆಗೆ, ಕುದುರೆಮುಖಕ್ಕೆ, ಮುಳ್ಳಯ್ಯನಗಿರಿಗೆ ಹೋಗೋದೇ ಮಂಜು ನೋಡೋಕೆ, ಮಂಜಿನಲ್ಲಿ ಒಂದು ಗುಡ್ಡ ಅರ್ಧ ಕಾಣುತ್ತೆ ಇನ್ನೊಂದು ಇದೆಯೋ ಇಲ್ವೋ ಗೊತ್ತಾಗಲ್ಲ, ಅದೇ ಫೋಟೋ. ಮನೆಗೆ ಬಂದು ಡಿಹೇಜ್ ಎಳೆದ್ರೆ ಮಂಜು ಹೋಯ್ತು, ಗುಡ್ಡ ಕಡು ಹಸಿರಾಯ್ತು, ಸೆನ್ಸರ್ ಮೇಲಿನ ಧೂಳೆಲ್ಲ ಚುಕ್ಕಿ ಚುಕ್ಕಿಯಾಗಿ ಎದ್ದು ಬಂತು. ಆ ಸ್ಲೈಡರ್ ಬರೆದೋರ ಲೆಕ್ಕದಲ್ಲಿ ಮಂಜು ಅನ್ನೋದು ದೋಷ. ಪೋರ್ಟ್ರೇಚರ್ ಲೆಕ್ಕದಲ್ಲಿ ಚರ್ಮದ ರಂಧ್ರ ದೋಷ. ಡಿನಾಯ್ಸ್ ಲೆಕ್ಕದಲ್ಲಿ ಗ್ರೇನ್, ಅಂದ್ರೆ ಫೋಟೋದಲ್ಲಿ ಕಾಣೋ ಮರಳು ಮರಳು ಕಣ, ದೋಷ, ಫೋಟೋನ ಫಿಲ್ಮ್ ಥರ ಕಪ್ಪು ಬಿಳುಪು ಮಾಡೋ ಸಿಲ್ವರ್ ಎಫೆಕ್ಸ್ ಪ್ಲಗಿನ್ ಲೆಕ್ಕದಲ್ಲಿ ಗ್ರೇನ್ ಇಲ್ದಿರೋದೇ ದೋಷ. ಒಂದೇ ಫೋಟೋಗೆ ಮೊದ್ಲು ಡಿನಾಯ್ಸ್ ಓಡಿಸಿ ಗ್ರೇನ್ ತೆಗೆದು, ಆಮೇಲೆ ಸಿಲ್ವರ್ ಎಫೆಕ್ಸ್‌ನಲ್ಲಿ ಬೇರೆ ಗ್ರೇನ್ ಹಾಕೋ ಮಹಾನುಭಾವರನ್ನ ನಾನು ಬಲ್ಲೆ, ಕನ್ನಡಿಯಲ್ಲೂ ಒಬ್ರು ಕಾಣ್ತಾರೆ. (ಅದಕ್ಕೂ ಸಮರ್ಥನೆ ಇದೆ, ಡಿಜಿಟಲ್ ನಾಯ್ಸ್ ಬಣ್ಣಬಣ್ಣದ ಕಲೆ ಥರ ಇರುತ್ತೆ, ಫಿಲ್ಮ್ ಗ್ರೇನ್ ಹಾಗಿರಲ್ಲ. ಆದ್ರೂ ನಗು ಬರುತ್ತೆ.)

ಈಗ ಆಡಮ್ಸ್ ವಿಷ್ಯಕ್ಕೆ ವಾಪಸ್ ಬರ್ತೀನಿ. 1927ರ ಏಪ್ರಿಲ್‌ನಲ್ಲಿ ಆತ ಅಮೆರಿಕದ ಯೊಸೆಮಿಟಿಯ ಹಾಫ್ ಡೋಮ್ ಬಂಡೆ ಫೋಟೋ ತೆಗೆಯೋಕೆ ಹಿಮದಲ್ಲಿ ಬೆಟ್ಟ ಹತ್ತಿ ಹೋದಾಗ ಕೊನೆಗೆ ಕೈಯಲ್ಲಿ ಉಳಿದಿದ್ದು ಎರಡೇ ಗ್ಲಾಸ್ ಪ್ಲೇಟ್, ಅಂದ್ರೆ ಇನ್ನೆರಡೇ ಫೋಟೋ. ಮೊದಲನೇದನ್ನ ಲೆನ್ಸ್‌ಗೆ ಹಳದಿ ಫಿಲ್ಟರ್ ಹಾಕಿ ತೆಗೆದ, ತೆಗೆದ ಮೇಲೆ ತನಗೆ ಆ ಬಂಡೆ ಮುಂದೆ ನಿಂತಾಗ ಅನ್ನಿಸಿದ್ದು ಇದ್ರಲ್ಲಿ ಬರಲ್ಲ, ಆಕಾಶ ಸಪ್ಪೆಯಾಗಿ ಬರುತ್ತೆ ಅಂತ ಹೊಳೀತು, ಕೊನೇ ಪ್ಲೇಟಿಗೆ ಕಡು ಕೆಂಪು ಫಿಲ್ಟರ್ ಹಾಕಿದ. ಕೆಂಪು ಗಾಜು ನೀಲಿ ಬೆಳಕನ್ನ ತಡೆಯುತ್ತೆ, ಹಾಗಾಗಿ ನೀಲಿ ಆಕಾಶ ಹೆಚ್ಚೂಕಮ್ಮಿ ಕಪ್ಪಾಗುತ್ತೆ, ನೆರಳಿಗೆ ಬೀಳೋದೂ ಆಕಾಶದ ನೀಲಿ ಬೆಳಕೇ ಆಗಿರೋದ್ರಿಂದ ನೆರಳೂ ಗಾಢ ಆಗುತ್ತೆ. ಬೆಳಕು ಬಹಳ ತಿಂದುಹಾಕುತ್ತೆ ಕೂಡ, ಅದಕ್ಕೆ ತಕ್ಕ ಹಾಗೆ ಎಕ್ಸ್‌ಪೋಶರ್ ಉದ್ದ ಮಾಡ್ಬೇಕು. ಮೊನೊಲಿತ್ ಅಂತ ಇವತ್ತು ಪ್ರಸಿದ್ಧವಾಗಿರೋದು ಆ ಎರಡನೇ ಪ್ಲೇಟು.

ಇವತ್ತು ಅದೇ ಕೆಂಪು ಫಿಲ್ಟರ್ ಸಿಲ್ವರ್ ಎಫೆಕ್ಸ್‌ನಲ್ಲಿ ಒಂದು ಬಟನ್. ಕಲರ್ ಫೈಲ್‌ನ ಕೆಂಪು ಚಾನಲ್ ಜಾಸ್ತಿ ತಗೊಂಡು ನೀಲಿ ಕಮ್ಮಿ ಮಾಡಿದ್ರೆ ಆಯ್ತು, ಫಲಿತಾಂಶದಲ್ಲಿ ಅಂಥಾ ವ್ಯತ್ಯಾಸ ಏನಿಲ್ಲ, ಬೇಡ ಅನ್ಸಿದ್ರೆ ಹಳದಿ, ಹಸಿರು, ಏನು ಬೇಕಾದ್ರೂ. ಹಾಗಾದ್ರೆ ಕಳ್ಕೊಂಡಿದ್ದು ಏನು? ಬೆಟ್ಟದ ಮೇಲೆ ನಿಂತಾಗ ಆತನಿಗೆ ಬಂದ ಆ ಅತೃಪ್ತಿ ನಮಗೆ ಬರೋಕೆ ಕಾರಣವೇ ಇಲ್ಲ. ಹೇಗೂ ಆಮೇಲೆ ನೋಡ್ಕೊಳ್ಳೋಣ ಅಂತ ಗೊತ್ತಿರುವಾಗ ಆಕಾಶ ಹೇಗಿದೆ, ನೆರಳು ಎಲ್ಲಿ ಬಿದ್ದಿದೆ ಅಂತ ಅಲ್ಲೇ ನಿಂತು ಯಾಕೆ ತಲೆ ಕೆಡಿಸ್ಕೋಬೇಕು, ಐವತ್ತು ಫ್ರೇಂ ಬಾರಿಸಿ ಕಾರ್ ಹತ್ತೋದು.

ಮನೇಲಿ ಏನಾಗುತ್ತೆ ಅಂದ್ರೆ, ಎಡಗಡೆ ಥಂಬ್‌ನೇಲ್ ಸಾಲು, ಒಂದೊಂದಾಗಿ ಒತ್ತುತ್ತಾ ಹೋಗೋದು, ಇದು ಚೆನ್ನಾಗಿದೆ, ಇದೂ ಚೆನ್ನಾಗಿದೆ, ಅಯ್ಯೋ ಇದಂತೂ ಸೂಪರ್. ಆ ಸಾಲಿನಲ್ಲಿ ಯಾವಾಗ್ಲೂ ಗೆಲ್ಲೋದು ಜೋರಾಗಿರೋದೇ. ಕಣ್ಣಿನ ಸ್ವಭಾವ ಅದು, ಗಾಢ ಬಣ್ಣ ಹತ್ತು ಸೆಕೆಂಡ್ ನೋಡಿ ಒರಿಜಿನಲ್‌ಗೆ ವಾಪಸ್ ಬಂದ್ರೆ ಒರಿಜಿನಲ್ ಸತ್ತುಹೋಗಿರೋ ಥರ ಕಾಣುತ್ತೆ, ಸರಿ ಇನ್ನೊಂಚೂರು ಏರಿಸ್ತೀವಿ, ಕಣ್ಣು ಅದಕ್ಕೂ ಒಗ್ಗುತ್ತೆ. ಬೆಳಿಗ್ಗೆ ಎದ್ದು ನೋಡಿದ್ರೆ ನಾವೇ ಬೆಚ್ಚಿಬೀಳ್ಬೇಕು. ಈ ಆರಿಸೋ ಕೆಲ್ಸ ತಪ್ಪು ಅಂತಲ್ಲ, ಆದ್ರೆ ಇದು ಸೀರೆ ಅಂಗಡೀಲಿ ಗಿರಾಕಿ ಮಾಡೋ ಕೆಲ್ಸ. ನೇಯ್ದೋನು ಆ ಪ್ರೀಸೆಟ್ ಮಾಡಿದ ಪುಣ್ಯಾತ್ಮ, ಕ್ರಿಯೇಟಿವಿಟಿ ಏನಾದ್ರೂ ಇದ್ರೆ ಅದು ಅವನ ಖಾತೆಗೆ.

ಅದಕ್ಕೇ ನೋಡಿ ಹಳೇ ಫೋಟೋ ಫೋಲ್ಡರ್ ತೆಗೆದ್ರೆ ಯಾವ ವರ್ಷದ್ದು ಅಂತ ಡೇಟ್ ನೋಡದೇನೇ ಹೇಳ್ಬಹುದು. ಮೋಡದ ಅಂಚೆಲ್ಲ ಹೊಳೀತಾ, ಹಂಪಿಯ ಕಲ್ಲಿನ ರಥ ಕಬ್ಬಿಣದ ಥರ ಕಾಣ್ತಿದ್ರೆ ಅದು ಎಚ್‌ಡಿಆರ್ ಹುಚ್ಚಿನ ಕಾಲ, ಬೇರೆ ಬೇರೆ ಎಕ್ಸ್‌ಪೋಶರ್‌ನ ಫೋಟೋಗಳನ್ನ ಸೇರಿಸಿ ಒಂದು ಮಾಡ್ತಿದ್ದ ಕಾಲ. ಕಪ್ಪು ಕಪ್ಪಾಗಿರದೆ ಬೂದು ಬಣ್ಣಕ್ಕೆ ಬಂದು ಎಲ್ಲ ಮಸುಕು ಮಸುಕಾಗಿದ್ರೆ ಅದು ವಿಸ್ಕೋ ಅನ್ನೋ ಕಂಪನಿಯ ಪ್ರೀಸೆಟ್‌ಗಳ ಕಾಲ. ನೆರಳೆಲ್ಲ ನೀಲಿಹಸಿರು, ಮುಖ ಎಲ್ಲ ಕಿತ್ತಳೆ ಆಗಿದ್ರೆ ಅದಕ್ಕೂ ಈಚೆಗೆ. ಫೋಟೋ ತೆಗೆದ ಜಾಗ, ಹೊತ್ತು, ಮಳೆ ಬಂದಿತ್ತೋ ಇಲ್ವೋ ಅದು ಯಾವುದೂ ಮೊದ್ಲು ಕಣ್ಣಿಗೆ ಬೀಳಲ್ಲ, ಆ ವರ್ಷ ಯಾವ ಪ್ಲಗಿನ್ ಓಡ್ತಿತ್ತು ಅನ್ನೋದು ಬೀಳುತ್ತೆ. ಇದನ್ನೇ "ನನ್ನ ಸ್ಟೈಲ್" ಅಂತ ನಂಬ್ಕೊಂಡೋರ ಕಥೆ ಇನ್ನೂ ಪಾಪ. ವಿಸ್ಕೋದವ್ರು ತಮ್ಮ ವಿಸ್ಕೋ ಫಿಲ್ಮ್ ಪ್ರೀಸೆಟ್‌ಗಳನ್ನ 2019ರಲ್ಲಿ ನಿಲ್ಲಿಸಿಬಿಟ್ರು. ನಿಕ್ ಕಲೆಕ್ಷನ್ ಇದ್ಯಲ್ಲ, ಸಿಲ್ವರ್ ಎಫೆಕ್ಸ್ ಇರೋದು ಅದ್ರಲ್ಲೇ, ಅದನ್ನ 2012ರಲ್ಲಿ ಗೂಗಲ್ ಕೊಂಡ್ಕೊಳ್ತು (ಅವರಿಗೆ ಬೇಕಾಗಿದ್ದು ಅದೇ ಕಂಪನಿಯ ಸ್ನ್ಯಾಪ್‌ಸೀಡ್ ಆಪ್ ಅಂತ ನನ್ನ ಗುಮಾನಿ), 2016ರಲ್ಲಿ ಪೂರ್ತಿ ಫ್ರೀ ಮಾಡ್ತು, ನಾವೆಲ್ಲ ಹಬ್ಬ ಮಾಡಿದ್ವಿ, 2017ರಲ್ಲಿ ಡಿಎಕ್ಸ್‌ಒ ಅನ್ನೋ ಫ್ರೆಂಚ್ ಕಂಪನಿಗೆ ಕೊಟ್ಬಿಡ್ತು, ಆಮೇಲಿನ ಹೊಸ ವರ್ಶನ್‌ಗಳಿಗೆ ಮತ್ತೆ ದುಡ್ಡು. ಕೈಸ್ ಪವರ್ ಟೂಲ್ಸ್ ಅಂತೂ ಈಗಿನ ಕಂಪ್ಯೂಟರಲ್ಲಿ ಓಡೋದೇ ಇಲ್ಲ. ಸ್ಟೈಲ್ ಅನ್ನೋದು ಇನ್ನೊಬ್ಬರ ಗೋಡೌನಲ್ಲಿದ್ರೆ ಅವರು ಬೀಗ ಹಾಕಿದ ದಿನ ನಿಮ್ಮದೂ ಬಂದ್.

ಇಷ್ಟೆಲ್ಲ ಬೈದು ಪ್ಲಗಿನ್‌ನಿಂದ ಉಪಯೋಗ ಆಗಿಲ್ಲ ಅಂದ್ರೆ ಸುಳ್ಳಾಗುತ್ತೆ. ಲೈಟ್‌ರೂಮ್ ಪ್ರೀಸೆಟ್‌ನಲ್ಲಿ ಒಂದು ಒಳ್ಳೇ ಗುಣ ಇದೆ, ಅದು ಒತ್ತಿದ ಮೇಲೆ ಯಾವ ಸ್ಲೈಡರ್ ಎಲ್ಲಿಗೆ ಹೋಗಿದೆ ಅಂತ ಕಾಣುತ್ತೆ. ನಾನು ಟೋನ್ ಕರ್ವ್, ಅಂದ್ರೆ ಫೋಟೋದ ಕತ್ತಲು ಬೆಳಕನ್ನ ತಿದ್ದೋ ಗೆರೆ, ಕಲಿತಿದ್ದೇ ಬೇರೆಯವ್ರ ಪ್ರೀಸೆಟ್ ಬಿಚ್ಚಿ ನೋಡಿ. ಆ ಮಸುಕು ಲುಕ್ ಹೇಗೆ ಬರುತ್ತೆ ಅಂದ್ರೆ ಕರ್ವ್‌ನ ಎಡಗಡೆ ಕೊನೇ ಚುಕ್ಕೀನ ಸ್ವಲ್ಪ ಮೇಲೆತ್ತೋದು ಅಷ್ಟೇ, ಪೂರ್ತಿ ಕಪ್ಪು ಎಲ್ಲೂ ಉಳಿಯಲ್ಲ. ಗೊತ್ತಾದ ಮೇಲೆ ಪ್ರೀಸೆಟ್ ಬೇಕಾಗ್ಲಿಲ್ಲ, ಎಲ್ಲಿ ಬೇಕೋ ಅಲ್ಲಿ ಎಷ್ಟು ಬೇಕೋ ಅಷ್ಟು. ಸಿಲ್ವರ್ ಎಫೆಕ್ಸ್‌ನಲ್ಲಿ ಹಾಗೆ ಒಳಗೆ ಏನು ನಡೀತಿದೆ ಕಾಣಲ್ಲ, ಅದು ಮುಚ್ಚಿದ ಡಬ್ಬಿ, ಆದ್ರೆ ಅದ್ರ ಕಂಟ್ರೋಲ್ ಪಾಯಿಂಟ್ ಇದ್ಯಲ್ಲ, ಮುಖದ ಮೇಲೆ ಒಂದು ಚುಕ್ಕಿ ಇಟ್ಟು ಆ ಭಾಗ ಮಾತ್ರ ಬೆಳಗಿಸೋದು, ಅದು ಹಳೇ ಡಾಡ್ಜಿಂಗ್ ಬರ್ನಿಂಗೇ, ಅಲ್ಲಿ ಕೂತು ಕೆಲ್ಸ ಮಾಡ್ಲೇಬೇಕು, ಊಟಕ್ಕೆ ಹೋಗೋಕಾಗಲ್ಲ.

ಎಲ್ರೂ ಲೇವಡಿ ಮಾಡೋ ಫೋನ್ ಆಪ್‌ಗಳ ಬಗ್ಗೆಯೂ ನಂಗೆ ಸ್ವಲ್ಪ ಗೌರವ ಇದೆ. 2009ರ ಕೊನೇಲಿ ಹಿಪ್‌ಸ್ಟಮ್ಯಾಟಿಕ್ ಅಂತ ಐಫೋನ್ ಆಪ್ ಬಂತು, ಅದ್ರಲ್ಲಿ ಲೆನ್ಸ್ ಯಾವುದು, ಫಿಲ್ಮ್ ಯಾವುದು ಅಂತ ಮೊದ್ಲೇ ಆರಿಸ್ಕೊಂಡು ಆಮೇಲೆ ಫೋಟೋ ತೆಗೀಬೇಕಿತ್ತು, ತೆಗೆದ ಮೇಲೆ ಅಯ್ಯೋ ಬೇಡಿತ್ತು ಅಂದ್ರೆ ಆಗಲ್ಲ. ನ್ಯೂಯಾರ್ಕ್ ಟೈಮ್ಸ್‌ನ ಡೇಮನ್ ವಿಂಟರ್ ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕನ್ ಸೈನಿಕರನ್ನ ಅದ್ರಲ್ಲೇ ಶೂಟ್ ಮಾಡಿ, 2011ರಲ್ಲಿ ಆ ಸರಣಿಗೆ ಪಿಕ್ಚರ್ಸ್ ಆಫ್ ದಿ ಇಯರ್ ಸ್ಪರ್ಧೇಲಿ ಮೂರನೇ ಬಹುಮಾನ ಬಂದಾಗ ದೊಡ್ಡ ಗಲಾಟೆ ಆಯ್ತು, ಸುದ್ದಿ ಫೋಟೋಗೆ ಫಿಲ್ಟರ್ ಹಾಕ್ಬಹುದಾ ಅಂತ. ಆ ಪ್ರಶ್ನೆ ನ್ಯಾಯವಾದದ್ದೇ, ಸುದ್ದಿಗೆ ಬೇರೆ ರೂಲ್ಸ್ ಬೇಕು. ಆದ್ರೆ ನನ್ನ ಲೆಕ್ಕದಲ್ಲಿ ಆತ ಶಟರ್ ಒತ್ತೋಕೆ ಮೊದ್ಲೇ ತನ್ನ ಫಿಲ್ಮ್ ಯಾವುದು ಅಂತ ಒಪ್ಕೊಂಡು ನಿಂತಿದ್ದ, ಹತ್ತು ಲಕ್ಷದ ಕ್ಯಾಮೆರಾ ಇಟ್ಕೊಂಡು ಮನೇಲಿ ಥಂಬ್‌ನೇಲ್ ಒತ್ತೋರಿಗಿಂತ ಆಡಮ್ಸ್‌ಗೆ ಹತ್ತಿರದಲ್ಲಿದ್ದ.

ನಾನು ಈಗ ಮಾಡೋದು ಇಷ್ಟು. ಕ್ಯಾಮೆರಾನ ಮಾನೋಕ್ರೋಮ್‌ಗೆ ಹಾಕಿ, ಮೆನುವಿನಲ್ಲಿ ಹಳದಿ ಇಲ್ಲಾ ಕೆಂಪು ಫಿಲ್ಟರ್ ಆರಿಸಿ ರಾ (ಸೆನ್ಸರ್‌ನಿಂದ ಬಂದ ಕಚ್ಚಾ ಫೈಲ್) ಜೊತೆ ಶೂಟ್ ಮಾಡ್ತೀನಿ. ರಾ ಫೈಲ್ ಕಲರಲ್ಲೇ ಇರುತ್ತೆ, ಆದ್ರೆ ವ್ಯೂಫೈಂಡರ್‌ನಲ್ಲಿ ಕಾಣೋದು ಕಪ್ಪು ಬಿಳುಪು, ಹಾಗಾಗಿ ಬಣ್ಣ ನೋಡಿ ಮರುಳಾಗೋದು ತಪ್ಪುತ್ತೆ, ಬೆಳಕು ಎಲ್ಲಿದೆ ಅಂತಾನೇ ಹುಡುಕ್ಬೇಕಾಗುತ್ತೆ. ಬೇಡ ಅನ್ಸಿದ ಜಾಗದಲ್ಲಿ ಕ್ಯಾಮೆರಾ ಎತ್ತದೇನೇ ವಾಪಸ್ ಬರೋದು ಜಾಸ್ತಿ ಆಗಿದೆ, ಜೊತೆಗೆ ಬಂದೋರು ಬೈತಾರೆ.

ಆದ್ರೆ ಈ ಮೊದಲಾ ಆಮೇಲಾ ಅನ್ನೋ ನನ್ನ ಲೆಕ್ಕ ಮದುವೆ ಮನೇಲಿ ನಡೆಯಲ್ಲ, ಅದನ್ನ ಒಪ್ಕೋತೀನಿ. ಅಲ್ಲಿ ತೀರ್ಮಾನ ಗಿರಾಕಿದು. 2020ರಲ್ಲಿ ಫೋಟೋಶಾಪ್‌ಗೇ ಸ್ಕೈ ರಿಪ್ಲೇಸ್‌ಮೆಂಟ್ ಬಂತಲ್ಲ, ಪ್ರೀವೆಡ್ಡಿಂಗ್ ಶೂಟ್‌ನೋರು ಮಳೆ ಮೋಡ ತೆಗೆದು ಸೂರ್ಯಾಸ್ತ ಕೂರಿಸೋಕೆ ಶುರು ಮಾಡಿದ್ರು, ಒಂದೇ ಮೋಡ, ಅದೇ ಆಕಾರದ್ದು, ಸಕಲೇಶಪುರದ ಜೋಡಿ ತಲೆ ಮೇಲೂ ಇದೆ, ಶ್ರೀರಂಗಪಟ್ಟಣದ ಜೋಡಿ ತಲೆ ಮೇಲೂ ಇದೆ, ಸೂರ್ಯ ಹಿಂದೆ ಇದ್ರೂ ಮುಖಕ್ಕೆ ಬೆಳಕು ಮುಂದಿನಿಂದ. ಜೋಡಿಗೆ ಖುಷಿ, ಮನೆಯವ್ರಿಗೆ ಖುಷಿ. ಕೆಲ್ಸ ಮಾಡಿದ ಹುಡುಗನನ್ನ ಕೇಳಿದ್ರೆ "ಸರ್, ಹಾಕ್ದಿದ್ರೆ ಪಕ್ಕದ ಸ್ಟುಡಿಯೋಗೆ ಹೋಗ್ತಾರೆ" ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಪರಿಚಯದವರ ಮದುವೆ ಕೆಲ್ಸ ಈಗ್ಲೂ ಅಪರೂಪಕ್ಕೆ ಒಪ್ಕೋತೀನಿ, ಆಲ್ಬಂಗೆ ಕೂರೋಕೆ ಮೊದ್ಲು ಒಂದು ಮುಖಾನ ಎರಡು ಥರ ಪ್ರಿಂಟ್ ಹಾಕ್ಸಿ ಮುಂದಿಡ್ತೀನಿ, ನುಣುಪು ಮಾಡಿದ್ದೊಂದು, ಇದ್ದ ಹಾಗೆ ಇರೋದೊಂದು. ಸ್ಕ್ರೀನ್ ಮೇಲೆ ತೋರಿಸಿದ್ರೆ ಎಲ್ರೂ ನುಣುಪು ಅಂತಾರೆ, ಕೈಯಲ್ಲಿ ಪ್ರಿಂಟ್ ಕೊಟ್ಟಾಗ ಮಾತ್ರ ಸ್ವಲ್ಪ ಹೊತ್ತು ಯೋಚ್ನೆ ಮಾಡ್ತಾರೆ. ಹೋದ ಸಲ ಹುಡುಗಿ ಇದ್ದ ಹಾಗೆ ಇರೋದು ತಗೊಂಡ್ಲು, ಅವರಮ್ಮ ಇನ್ನೊಂದು. ಆಲ್ಬಂನಲ್ಲಿ ಹುಡುಗಿದು ಅವಳಿಷ್ಟದ ಪ್ರಕಾರ, ಅಮ್ಮಂದು ಅಮ್ಮನಿಷ್ಟದ ಪ್ರಕಾರ ಮಾಡಿಕೊಟ್ಟೆ, ಇಬ್ರೂ ಒಟ್ಟಿಗೆ ನಿಂತಿರೋ ಫೋಟೋದಲ್ಲಿ ಅಮ್ಮ ಮಗಳಿಗಿಂತ ಚಿಕ್ಕೋರಾಗಿ ಕಾಣ್ತಾರೆ.